ಆನೆಬಂಡೆಯ ದರ್ಶನ

ಕರಿಬಂಡೆಗಳ ಗುಡ್ಡ ನೋಡಲೆಂದು ಚಿಕ್ಕೋಡಿಯಲ್ಲಿ ಒಂದು ಜೀಪನ್ನೂ ಅಣ್ಣಾಸಾಹೇಬರೆಂಬ ಮಾರ್ಗದರ್ಶಕರನ್ನೂ ಇಡೀ ದಿನಕ್ಕೆ ಗೊತ್ತು ಮಾಡಿಕೊಂಡೆ. ಹೊಸ ಡಾಂಬರು ರಸ್ತೆ ನುಣ್ಣಗಿತ್ತು. ನಾನು ಅದನ್ನು ದಾರಿಯುದ್ದಕ್ಕೂ ಹೊಗಳುತ್ತಿದ್ದರೆ ಅಣ್ಣಾಸಾಹೇಬರು ಗುಡ್ಡದ ಕಡೆಗೇ ನೋಡುತ್ತಿದ್ದರು.

ಗುಡ್ಡ ಹತ್ತಿದ ಮೇಲೆ ಅವರು ಪೂಜಾರಿಯ ಗಾಂಭೀರ್ಯದಿಂದ ಕೋಲೆತ್ತಿ ಒಂದು ದೊಡ್ಡ ಹೊಂಡವನ್ನು ತೋರಿಸಿದರು.

“ಇದು ಆನಿಬಂಡಿ ನೋಡ್ರಿ. ಈ ಕಡೆ ಸೊಂಡಿಲು, ಆ ಕಡೆ ಬಾಲ.”

ದಕ್ಷಿಣೆ ಕೊಟ್ಟವನಿಗೆ ಕಾಣಲೇಬೇಕೆಂದು ನಾನು ಭಕ್ತಿಯಿಂದ ಗಾಳಿಯನ್ನು ದಿಟ್ಟಿಸಿದೆ.

“ಆನೆ ಎಲ್ಲಿ ಸಾಹೇಬರೇ?”

“ಖಡಿ ಮಷೀನಿಗೆ ಹಾಕ್ಯಾರ್ರಿ. ಮುಂಜಾನಿ ನೀವು ಹೊಗಳಿದ ರೋಡ್ ಐತೆಲ್ಲ, ಅದರ ಹೊಟ್ಟ್ಯಾಗ ಐತಿ.”

ಗುಡ್ಡದ ಬುಡದಲ್ಲಿ ಕಲ್ಲು ಪುಡಿಮಾಡುವ ಯಂತ್ರ ಗರಗರ ಎನ್ನುತ್ತಿತ್ತು. ನೋಡಲು ಉಳಿದದ್ದು ಜೋಡಿಬಂಡೆ ಎಂಬುದೊಂದೇ. ಅದರ ಮೈಗೂ ಸಿಡಿಮದ್ದು ತುಂಬಲು ಆಗಲೇ ತೂತು ಕೊರೆದಿದ್ದರು. ಅದರ ನೆರಳಲ್ಲೇ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

“ಇದೂ ಹೋದರೆ ನಿಮ್ಮ ಹೊಟ್ಟೆಪಾಡು?” ಎಂದು ಕೇಳಿದೆ.

ಅಣ್ಣಾಸಾಹೇಬರು ಬಂಡೆಯ ತೂತಿನಲ್ಲಿದ್ದ ಧೂಳನ್ನು ಬೆರಳಿನಿಂದ ತೆಗೆದು ಊದಿದರು.

“ಮುಂದಿನ ವರ್ಷ ಬರ್ರಿ. ರೋಡ್ ತೋರಸ್ತೀನಿ.”