ಗೋಡೆಯ ಮೇಲೆ ಮೂರು, ಫೋನಿನಲ್ಲಿ ನಾಲ್ಕು

ಬೋರ್ಡು ಬರೆಯುವ ಆ ಮನುಷ್ಯ ಹೊಟ್ಟೆಕಿಚ್ಚಿನವನು. ಅದರಲ್ಲಿ ಎರಡು ಮಾತಿಲ್ಲ.

ಇಪ್ಪತ್ತೆಂಟು ವರ್ಷ, ಚುನಾವಣೆ ಬಂತೆಂದರೆ ಊರಿನ ಗೋಡೆಗಳೆಲ್ಲ ಅವನವೇ. ಈ ಸಲ ಅಭ್ಯರ್ಥಿಯೊಬ್ಬನಿಂದ ಸಿಕ್ಕಿದ್ದು ಬಸ್ ನಿಲ್ದಾಣದ ಎದುರಿನ ಒಂದೇ ಗೋಡೆ. ಮಿಕ್ಕದ್ದೆಲ್ಲ ತಂಗಿಯ ಪಾಲು. ಅವಳು ಅದೇ ಅಭ್ಯರ್ಥಿಯ ಕಚೇರಿಯಲ್ಲಿ ಕೂತು ಜನರ ಫೋನಿಗೆ ಜಾಹೀರಾತು ಬಿಡುತ್ತಿದ್ದಳು. ಮುದುಕರಿಗೆ ಆಸ್ಪತ್ರೆ, ಅಂಗಡಿಯವರಿಗೆ ತೆರಿಗೆ, ಹೆಂಗಸರಿಗೆ ನಲ್ಲಿ ನೀರು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದು. ಅಂಚು ಮೀರದೆ ಬಣ್ಣ ತುಂಬುವುದನ್ನು ಅವಳಿಗೆ ಕಲಿಸಿದವನು ತಾನೇ ಎಂಬುದು ಅವನ ಎದೆಯೊಳಗಿನ ಮುಳ್ಳು.

“ನೋಡ್ರೀ, ನನ್ನ ಮನಸ್ಸಲ್ಲಿರೋದನ್ನೇ ಹೇಳ್ತಾನೆ! ನನ್ನ ಓಟು ಇವನಿಗೇ,” ಎಂದು ಹೆಂಡತಿ ಫೋನು ತೋರಿಸಿದಳು.

“ನಾನು ಇಷ್ಟು ವರ್ಷ ಗೋಡೆ ಮೇಲೆ ಬರೆದದ್ದಕ್ಕೆ ಒಂದ್ಸಲನಾದ್ರೂ ಹೀಗಂದಿದ್ದೀಯಾ?”

“ನಿಮ್ಮ ಗೋಡೆ ಅಡುಗೆಮನೆ ತನಕ ಬರ್ತಿತ್ತಾ?”

ಅವನಿಗೆ ಊಟ ಸೇರಲಿಲ್ಲ. ಆದರೆ ಫೋನಿನಲ್ಲಿ ಅಭ್ಯರ್ಥಿಯ ಮುಖದ ಪಕ್ಕ ಮತಯಂತ್ರದ ಕ್ರಮಸಂಖ್ಯೆ ನಾಲ್ಕು ಎಂದಿದ್ದದ್ದು ಕಣ್ಣಿಗೆ ಬಿತ್ತು. ಒಳಗೊಳಗೇ ಹಿಗ್ಗಿದ.

ಗೋಡೆ ಬರೆಯುವವರು ಹೆಸರು, ಚಿಹ್ನೆ ಬರೆದು, ಅಭ್ಯರ್ಥಿಗಳ ಕೊನೆಯ ಪಟ್ಟಿ ಬರುವ ತನಕ ಸಂಖ್ಯೆಯ ಜಾಗದಲ್ಲಿ ಖಾಲಿ ವೃತ್ತ ಬಿಡುತ್ತಾರೆ. ಕಡೇ ಗಳಿಗೆಯಲ್ಲಿ ಯಾರೋ ನಾಮಪತ್ರ ಹಿಂದಕ್ಕೆ ಪಡೆಯುತ್ತಾರೆ, ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೇರುತ್ತಾರೆ. ತಂಗಿಗೆ ಇದು ಗೊತ್ತಿಲ್ಲ; ಮೊದಲ ಪಟ್ಟಿ ನೋಡಿ ನಾಲ್ಕು ಹಾಕಿದ್ದಳು. ಕೊನೆಯ ಪಟ್ಟಿಯ ಪ್ರತಿ ಅವನ ಕೈಯಲ್ಲಿತ್ತು: ಮೂರು.

ಎರಡು ದಿನ ಬಾಯಿ ಬಿಡಲಿಲ್ಲ. ನಾಲ್ಕು ಊರೆಲ್ಲ ಹಬ್ಬಲಿ ಎಂದು ಕಾದ. ಮೂರನೆಯ ಬೆಳಿಗ್ಗೆ ಗೋಡೆಯ ವೃತ್ತದಲ್ಲಿ ಬಂಡಿಗಾಲಿಯಷ್ಟು ದೊಡ್ಡ ಮೂರು ಬರೆದ. ಮಧ್ಯಾಹ್ನದೊಳಗೆ ಕಚೇರಿಯಿಂದ ಕರೆ ಬಂತು. ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟು, ತಲೆ ಬಾಚಿಕೊಂಡು ಹೋದ.

“ಏನಯ್ಯಾ, ಕಣ್ಣು ಮಂಜಾಯ್ತಾ?” ಅಭ್ಯರ್ಥಿ ಗುಡುಗಿದ. “ಊರಿಗೆಲ್ಲ ನಾಲ್ಕು, ನಿನ್ನ ಗೋಡೆಗೆ ಮಾತ್ರ ಮೂರಾ? ಯಾರದ್ದು ತಪ್ಪೋ ಅವರು ಇವತ್ತೇ ಮನೆಗೆ!”

ಬೋರ್ಡಿನವನು ಕಿವಿಯಾರೆ ಕೇಳಬೇಕೆಂದಿದ್ದ ಮಾತು ಅದೇ. ಕೈ ಜೇಬಿಗೆ ಹೋಯಿತು. ಪರದೆಯ ಮುಂದೆ ಕೂತಿದ್ದ ತಂಗಿಗೆ ತಪ್ಪು ತನ್ನದೆಂದು ಅರ್ಥವಾಗಿತ್ತು.

“ಅಣ್ಣಾ... ಪಟ್ಟಿ ನೋಡಿದ್ಯಾ?”

“ಇವತ್ತು ಬೆಳಿಗ್ಗೆ ಬದಲಾಯ್ತು ಸರ್,” ಎಂದ ಅವನು. “ಚುನಾವಣಾ ಕಚೇರಿ ಬಾಗಿಲಿಗೆ ಅಂಟಿಸ್ತಿದ್ದ ಹಾಗೇ ನೋಡಿ ಗೋಡೆ ಬರೆದೆ. ಇಲ್ಲಿ ಕೂತವಳಿಗೆ ಹೇಗೆ ಗೊತ್ತಾಗ್ಬೇಕು?”

“ಎಲ್ಲಿ, ಪಟ್ಟಿ ತೋರಿಸು.”

“ತಂದಿಲ್ಲ ಸರ್.”

ಮೊನ್ನೆಯ ತಾರೀಖಿನ ಮೊಹರು ಬಿದ್ದಿದ್ದ ಹಾಳೆ ಜೇಬಿನೊಳಗೆ ಮುದ್ದೆಯಾಯಿತು. ಅವನು ತಂಗಿಯತ್ತ ತಿರುಗಿ ಗದರಿದ: “ನನ್ನ ಮುಖ ಏನ್ ನೋಡ್ತೀಯೇ? ತಿದ್ದು.”