ಕಲ್ಲಿನಲ್ಲಿಲ್ಲದ ಹೆಸರು

ನಿಮಗೂ ಇಂಥದೊಂದು ವಾಸನೆ ಇದ್ದೀತು. ನನಗೆ ಅದು ಪೇಂಟಿನದು. ಮೂಗಿಗೆ ಬಡಿದರೆ ಸಾಕು, ಚಾಮರಾಜಪೇಟೆಯ ನಮ್ಮ ವಠಾರದ ಹೊಸ್ತಿಲ ಮೇಲಿರುತ್ತೇನೆ. ಬಾಗಿಲ ಎದುರಿಗೇ, ಅರಳಿಮರದ ಕೆಳಗೆ, ಯುದ್ಧಕ್ಕೆ ಹೋಗಿ ತೀರಿಕೊಂಡ ನಮ್ಮ ಬೀದಿಯವರ ಹೆಸರು ಕೆತ್ತಿದ ಕಲ್ಲಿತ್ತು. ವರ್ಷಕ್ಕೊಮ್ಮೆ ಅಕ್ಷರಗಳಿಗೆ ಬಿಳಿ ಬಣ್ಣ ತುಂಬುತ್ತಿದ್ದರು. ಅಜ್ಜಿಯ ಸಾರಿನ ಒಗ್ಗರಣೆಯನ್ನೂ ಮೀರಿ ಆ ವಾಸನೆ ಒಳಗೆ ಬರುತ್ತಿತ್ತು. ಆಗ ಅಜ್ಜಿ, "ಓದ್ಕೊಂಡು ಬಾರೋ ಮರಿ. ಅವರದಿಲ್ಲ ತಾನೆ?" ಎನ್ನುತ್ತಿದ್ದಳು. ಓದಿ ಬಂದು "ಇಲ್ಲ" ಎಂದರೆ, "ಸದ್ಯ" ಎಂದು ಹಣೆಯ ಕುಂಕುಮ ಸರಿಮಾಡಿಕೊಳ್ಳುತ್ತಿದ್ದಳು.

"ಅವರು" ಎಂದರೆ ನನ್ನ ತಾತ. ಬರ್ಮಾ ಕಡೆ ಯುದ್ಧಕ್ಕೆ ಹೋದವರು. ಹೆಣವೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಹೆಸರು ಕಲ್ಲಿಗೆ ಹೋದರೆ ಸತ್ತರೆಂದು ಒಪ್ಪಿದಂತೆ. ಕುಂಕುಮ, ಬಳೆ ಅಂದೇ ಹೋದಂತೆ. ಬಣ್ಣ ಹಾಕಿಸಲು ಬರುತ್ತಿದ್ದ ಬೀದಿಯ ಹಿರಿಯ ನಂಜಪ್ಪ ಪ್ರತಿ ಸಲವೂ ನಮ್ಮ ಬಾಗಿಲಿಗೆ ಬರುತ್ತಿದ್ದ. ಹೆಸರು ಅವನಿಗೇನು ಗೊತ್ತಿಲ್ಲದ್ದಲ್ಲ. ಅಜ್ಜಿಯ ಒಪ್ಪಿಗೆ ಬೇಕಿತ್ತು.

"ಕೊನೇ ಸಾಲು ನಿಮ್ಮೋರಿಗೇ ಬಿಟ್ಟಿದೀವಿ ಕಣಮ್ಮಾ. ನೀನು ಬಾಯ್ಬಿಟ್ಟು ಹೆಸರು ಹೇಳಿದ್ರೆ ಕೆತ್ತಿಸ್ಬಿಡ್ತೀವಿ."

"ಗಂಡನ ಹೆಸರು ಬಾಯ್ಬಿಟ್ಟು ಹೇಳ್ತಾರೇನಪ್ಪಾ?"

"ಪದದೊಳಗೆ ಹೆಸರು ಸೇರಿಸಿ ಒಡಪು ಕಟ್ಟಿ ಹೇಳು ಮತ್ತೆ! ಮನೆ ತುಂಬ್ಕೊಂಡಾಗ ಹೊಸ್ತಿಲಲ್ಲಿ ನಿಂತು ಹೇಳಿರ್ಲಿಲ್ವಾ?"

"ಆಗ ಪಕ್ಕದಲ್ಲಿ ಅವರೂ ನಿಂತಿದ್ರು. ಬಂದು ನಿಂತ್ಕೊಳ್ಳಲಿ, ಹೇಳ್ತೀನಿ."

ತಾತನ ಹೆಸರನ್ನೇ ನನಗಿಟ್ಟಿದ್ದರು, ಮುನಿಸ್ವಾಮಿ ಎಂದು. ಹಾಗಾಗಿ ಅಜ್ಜಿ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಖುಷಿಯಾದರೆ ಮರಿ, ಸಿಟ್ಟು ಬಂದರೆ ಕೋತಿ. ದೀಪ ಹಚ್ಚಿದ ಮೇಲೂ ನಮ್ಮ ಬಾಗಿಲು ಅರೆ ತೆರೆದೇ ಇರುತ್ತಿತ್ತು; ಅಜ್ಜಿ ಚಿಲಕ ಹಾಕಲು ಬಿಡುತ್ತಿರಲಿಲ್ಲ. ಗಾಳಿಗೆ ಕದ ಅಲುಗಿದರೆ ಸೆರಗು ಸರಿಮಾಡಿಕೊಂಡು ಏಳುತ್ತಿದ್ದಳು. ಆ ಒಂದೂವರೆ ಕೋಣೆಯ ಮನೆಯಲ್ಲಿ ನನ್ನ ಹೆಸರಿನ ಇನ್ನೊಬ್ಬರಿದ್ದರು.

ಕಾಟನ್‌ಪೇಟೆಯಲ್ಲಿ ಮೂಟೆ ಹೊರುತ್ತಿದ್ದವನ ಮಗ ನಾನು. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಬೆವರು ಸುರಿಸಿ ಗಳಿಸಿದ್ದು, ಹೆಮ್ಮೆಯಿಂದಲೇ ಹೇಳುತ್ತೇನೆ. ಪದವಿ ಕೈಗೆ ಬಂದ ದಿನ ಸಂಜೆ, ಎರವಲು ಕೋಟು ತೊಟ್ಟು ಹೊಸ್ತಿಲಲ್ಲಿ ನಿಂತೆ. ಅಷ್ಟೊತ್ತಿಗೆ ಅಜ್ಜಿಯ ಕಣ್ಣು ಮಂಜಾಗಿತ್ತು. ಗೋಡೆ ಹಿಡಿದು ಎದ್ದಳು. ತಲೆ ಮೇಲೆ ಸೆರಗು ಹೊದ್ದಳು. ಹೊಸ ಸೊಸೆಯ ನಾಚಿಕೆಯ ದನಿಯಲ್ಲಿ ಹೇಳಿದಳು:

"ಕುಂಡದ ಕನಕಾಂಬರ ಬಿರೀತು ಮೆಲ್ಲಗೆ, ಮುನಿಸ್ವಾಮಿಯೋರು ಬಂದ್ರು ಮನೆಗೆ."

ನನ್ನ ಹೆಸರನ್ನು ಅವಳ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ಕರೆದದ್ದು ನನ್ನನ್ನಲ್ಲ. ಅವಳ ನೋಟ ನನ್ನ ಭುಜದಾಚೆ ಇತ್ತು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅಜ್ಜಿ ತಾನೇ ಕದ ಮುಂದೆ ಮಾಡಿ ಚಿಲಕ ಹಾಕಿದಳು. ಆ ಮೇಲೆ ಯಾವ ವರ್ಷವೂ ಕಲ್ಲು ಓದಿ ಬಾ ಎನ್ನಲಿಲ್ಲ. ಕುಂಕುಮವಿಟ್ಟುಕೊಂಡೇ ಹೋದಳು.

ಈಗ ವಠಾರವಿಲ್ಲ, ಅಲ್ಲಿ ಕಾರುಗಳು ನಿಲ್ಲುತ್ತವೆ. ಅರಳಿಮರವಿದೆ, ಕಲ್ಲಿದೆ. ಮೊನ್ನೆ ಆ ಕಡೆ ಹೋದಾಗ ಅದೇ ವಾಸನೆ. ಅಕ್ಷರಗಳಿಗೆ ಬಣ್ಣ ತುಂಬುತ್ತಿದ್ದ ಪೇಂಟರ್ ನನ್ನನ್ನು ನೋಡಿ ಬ್ರಷ್ ಎತ್ತಿದ. "ಕೊನೇ ಲೈನ್ ಖಾಲಿ ಇದೆ ಸಾರ್. ನಿಮ್ಮೋರು ಯಾರಾದ್ರೂ ಇದ್ರಾ?"

ಬಾಗಿಲಿದ್ದ ಕಡೆ ಒಮ್ಮೆ ನೋಡಿದೆ.

"ಒಬ್ರು ಇದ್ರು. ಮನೆಗೆ ಬಂದ್ಬಿಟ್ರು" ಎಂದೆ.