ಮೇಸ್ತ್ರಿ ಇಳಿಸದೆ ಹಿಡಿದ ಲೋಟ

ಹೋದ ಮಳೆಗಾಲದಲ್ಲಿ ಡೆಲಿವರಿಯವನು ಒಂದು ರಟ್ಟಿನ ಪೆಟ್ಟಿಗೆಯನ್ನು ನಮ್ಮ ಮೆಟ್ಟಿಲ ಮೇಲೆ ಇಟ್ಟು ಹೋಗಿದ್ದ. ನಾನು ದೊಮ್ಮಲೂರಿನ ಆಫೀಸಿನಿಂದ ಹೊರಟು, ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡು, ಕಗ್ಗದಾಸಪುರದ ಮನೆ ಮುಟ್ಟುವ ಹೊತ್ತಿಗೆ ಅದು ನೆನೆದು ತೊಪ್ಪೆಯಾಗಿತ್ತು. ಎತ್ತಲು ಹೋದರೆ ತಳ ಕಳಚಿ ಕೈಗೆ ಬಂತು. ಜೊತೆಗೆ ಆ ವಾಸನೆ... ಮೂರು ದಿನದ ದೋಸೆ ಹಿಟ್ಟಿನ ಮುಚ್ಚಳ ತೆಗೆದಂಥ ಹುಳಿ ವಾಸನೆ. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಂಡು ಕಸಕ್ಕೆ ಹಾಕುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ನನ್ನ ಮೊದಲ ಕೆಲಸದ ವಾಸನೆ ಅದು. ಕೆ.ಆರ್. ಪುರಂ ದಾಟಿದ ಮೇಲೆ ಒಂದು ಸಣ್ಣ ಪೇಪರ್ ಮಿಲ್ಲು ಇತ್ತು. ಶಿವಾಜಿನಗರದ ಗುಜರಿಗಳಿಂದ ಲಾರಿಗಟ್ಟಲೆ ಹಳೆಯ ರಟ್ಟು ಬರುತ್ತಿತ್ತು. ಅದನ್ನು ನೀರಿನಲ್ಲಿ ಕಲಸಿ, ಅರೆದು, ಮತ್ತೆ ಪೆಟ್ಟಿಗೆ ಮಾಡಲು ಬೇಕಾದ ಕಂದು ಕಾಗದ ಮಾಡುತ್ತಿದ್ದೆವು. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದ ನಾನು ಅಲ್ಲಿ ಲ್ಯಾಬ್ ಅಧಿಕಾರಿ. ಅಧಿಕಾರಿ ಎನ್ನುವುದು ಬಾಗಿಲಿಗೆ ಅಂಟಿಸಿದ್ದ ಬೋರ್ಡಿನಲ್ಲಿ ಮಾತ್ರ ಇತ್ತು. ಪಲ್ಪ್, ಅಂದರೆ ಆ ಅರೆದ ರಟ್ಟಿನ ಹಿಟ್ಟು, ಏನೆಂದು ನನಗೆ ಕಲಿಸಿದವರು ಅರೆಯುವ ಯಂತ್ರದ ಮೇಸ್ತ್ರಿ.

ಮೇಸ್ತ್ರಿ ಮರ್ಫಿ ಟೌನಿನವರು. ಮನೆಯಲ್ಲಿ ತಮಿಳು, ಮಿಲ್ಲಿನಲ್ಲಿ ಕನ್ನಡ, ಗುಜರಿಯವರ ಜೊತೆ ಉರ್ದು. ಏಳನೇ ಕ್ಲಾಸಿನಾಚೆ ಓದಿರಲಿಲ್ಲ. ಅಂಗಿಯ ಜೇಬಿನಲ್ಲಿ ಸದಾ ಒಂದು ಕರ್ಚೀಫು, ಅದರಿಂದ ಆಗಾಗ ಒರೆಸುವ ಒಂದು ಗಾಜಿನ ಲೋಟ ಯಂತ್ರದ ಪಕ್ಕದ ಕಟ್ಟೆಯ ಮೇಲೆ. ಆ ಲೋಟದಲ್ಲಿ ಯಾರಾದರೂ ಟೀ ಕುಡಿದರೆ ಮುಗಿಯಿತು, ಅಷ್ಟು ಮೃದು ಮನುಷ್ಯ ಕೆಂಡವಾಗಿಬಿಡುತ್ತಿದ್ದರು. ಅದು ಪಲ್ಪ್ ನೋಡುವ ಲೋಟ.

ರಟ್ಟನ್ನು ಎಷ್ಟು ಹೊತ್ತು ಅರೆಯಬೇಕು ಎನ್ನುವುದರ ಮೇಲೆ ಎಲ್ಲವೂ ನಿಂತಿತ್ತು. ಕಡಿಮೆ ಅರೆದರೆ ಕಾಗದಕ್ಕೆ ಬಲ ಇರುವುದಿಲ್ಲ. ಹೆಚ್ಚು ಅರೆದರೆ ನೀರು ಇಳಿಯದೆ ಮೆಷಿನ್ನಿನ ಮೇಲೆ ಹಸಿ ಕಾಗದ ಪಟಪಟ ಹರಿಯುತ್ತದೆ, ಇಡೀ ಶಿಫ್ಟು ಹಾಳು. ನನ್ನ ಲ್ಯಾಬಿನಲ್ಲಿ ಅದನ್ನು ಅಳೆಯುವ ಉಪಕರಣ ಇತ್ತು. ಅದು ಲೆಕ್ಕ ಹೇಳುವಷ್ಟರಲ್ಲಿ ಮೇಸ್ತ್ರಿ ಒಂದು ಹಿಡಿ ಪಲ್ಪ್ ಹಿಂಡಿ, ಚಿಟಿಕೆಯಷ್ಟನ್ನು ಲೋಟದ ನೀರಿಗೆ ಹಾಕಿ ಅಲುಗಿಸಿ, ಕಿಟಕಿಯ ಬೆಳಕಿಗೆ ಹಿಡಿದಿರುತ್ತಿದ್ದರು.

"ನೋಡಿಮ್ಮಾ, ಮೋಡ ಥರ ಇದ್ಯಲ್ಲ, ಇನ್ನೂ ಉಂಡೆ ಇದೆ. ಇನ್ನೊಂದ್ ಐದು ನಿಮಿಷ ಅರೀಬೇಕು."

ಐದು ನಿಮಿಷವೆಂದರೆ ಐದೇ ನಿಮಿಷ. ನನ್ನ ಉಪಕರಣ ಆಮೇಲೆ ಬಂದು ಅವರ ಮಾತಿಗೆ ಹೂಂಗುಟ್ಟುತ್ತಿತ್ತು. ನಾನು ಅದನ್ನು ಪುಸ್ತಕದಲ್ಲಿ ಬರೆದು ಕೆಳಗೆ ನನ್ನ ಸಹಿ ಹಾಕುತ್ತಿದ್ದೆ. ಕಾಗದ ತಯಾರಾಗಿ ಬಂದ ಮೇಲೂ ಅಷ್ಟೆ. ಹೆಬ್ಬೆರಳಿನಿಂದ ಒಮ್ಮೆ ಸವರಿ "ಇಲ್ಲಿ ನಾರು ಎದ್ದಿದೆ ನೋಡಿ" ಎನ್ನುವರು. ನನ್ನ ಭೂತಗನ್ನಡಿಯ ಕೆಳಗೆ ಇಟ್ಟರೆ ನಿಜಕ್ಕೂ ಅಲ್ಲಿ ನಾರು ಎದ್ದಿರುತ್ತಿತ್ತು. ನನ್ನ ಬೆರಳನ್ನೂ ಹಿಡಿದು ಸವರಿಸಿ ಕಲಿಸಿದರು. ನನಗೆ ಅರ್ಧ ಬಂತು.

ನಮ್ಮ ಮನೆಯ ವಿಷಯ ಒಂದಿಷ್ಟು ಹೇಳಲೇಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಬಡತನಕ್ಕೆ ಮಾಡಿದ್ದು ಎಂದು ಯಾರಾದರೂ ಕನಿಕರ ಪಟ್ಟಾರು. ನಾವು ಕಗ್ಗದಾಸಪುರದ ಹಳೆಯ ಮನೆಯವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಕಲಬುರಗಿ, ರಾಯಚೂರಿನ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಆ ಒಂದೊಂದು ಕೋಣೆಯಲ್ಲಿ ಇದ್ದರು. ಬಾಡಿಗೆ ವಸೂಲಿ ಅಣ್ಣನದು. ಮನೆಯಲ್ಲಿ ಮೊದಲ ಬಾರಿ ತಿಂಗಳ ಸಂಬಳ ತಂದವಳು ನಾನು, ಅದೇ ಅಣ್ಣನಿಗೆ ಸಿಕ್ಕ ತಮಾಷೆ.

"ನಿನ್ ಸಂಬಳ ನಮ್ ಎರಡು ಮನೆ ಬಾಡಿಗೆ ಆಗಲ್ವಲ್ಲೇ! ಸುಮ್ನೆ ಮನೇಲಿರು, ಆ ವಾಸನೆಯಾದ್ರೂ ತಪ್ಪುತ್ತೆ."

ಪ್ರತಿ ಭಾನುವಾರ ಊಟಕ್ಕೆ ಕುಳಿತಾಗ ಇದು ಇರಲೇಬೇಕು. ನಾನು ನಗುತ್ತಿದ್ದೆ. ಒಳಗೊಳಗೇ ಕುದಿಯುತ್ತಿದ್ದೆ.

ಎರಡನೇ ವರ್ಷ ಮಿಲ್ಲನ್ನು ಬೇರೆಯವರು ಕೊಂಡರು. ಬೇರೆ ಮಿಲ್ಲುಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಸಂಬಳ ಎಂದು ನೋಡಿ, ನಮ್ಮೆಲ್ಲರನ್ನೂ ಗ್ರೇಡುಗಳಿಗೆ ಹಾಕುತ್ತಾರೆ ಎಂದು ತಿಳಿಯಿತು. ಎಲ್ಲರಿಗೂ ಒಂದೊಂದು ಫಾರಂ, ಇಂಗ್ಲಿಷಿನಲ್ಲಿ. ನಮ್ಮ ವಿಭಾಗದ ಫಾರಂಗಳನ್ನು ತುಂಬುವ ಕೆಲಸ ನನಗೆ ಬಂತು. ಎಲ್ಲಕ್ಕಿಂತ ಮುಖ್ಯವಾದ ಕಲಂ ಒಂದೇ: ಈ ಕೆಲಸದಲ್ಲಿ ಕೊನೆಯ ನಿರ್ಧಾರ ಯಾರದು? ಹೊಸ ಕಂಪನಿಯಿಂದ ಬಂದಿದ್ದ ಸಾಹೇಬರು ಮೊದಲೇ ಹೇಳಿದ್ದರು, ಒಂದು ಕೆಲಸಕ್ಕೆ ಒಬ್ಬರ ಹೆಸರು ಮಾತ್ರ. ಆ ಹೆಸರಿನವರಿಗೆ ಮೇಲಿನ ಗ್ರೇಡು.

ಮೇಸ್ತ್ರಿಗೆ ಆ ಗ್ರೇಡು ಯಾಕೆ ಬೇಕಿತ್ತೆಂದು ನನಗೆ ಗೊತ್ತಿತ್ತು. ಅವರ ಮಗಳು ಪಿಯುಸಿ ಮುಗಿಸಿದ್ದಳು. "ಗ್ರೇಡ್ ಬಂದ್ರೆ ಫಾರ್ಮಸಿಗೆ ಸೇರಿಸ್ಬಿಡ್ತೀನಮ್ಮಾ, ಬಿಳಿ ಕೋಟು ಹಾಕ್ತಾಳೆ ನಿಮ್ ಥರ" ಎಂದಿದ್ದರು. ಫಾರಂ ಬಗ್ಗೆ ಕೇಳಿದರೆ, "ನಾನ್ ಏನ್ ಮಾಡ್ತೀನಿ ಅಂತ ನಿಮ್ಗೆ ಗೊತ್ತಲ್ವಾ, ನೀವೇ ಬರೀರಿ."

ಯಾವುದನ್ನಾದರೂ ಮೊದಲು ಪೆನ್ಸಿಲಿನಲ್ಲಿ ಬರೆದು ಆಮೇಲೆ ಪೆನ್ನಿನಲ್ಲಿ ಬರೆಯುವುದು ನನ್ನ ಅಭ್ಯಾಸ. ಮೇಸ್ತ್ರಿಯ ಫಾರಂನಲ್ಲಿ ಪೆನ್ಸಿಲಿನಲ್ಲಿ ನಿಜವನ್ನೇ ಬರೆದೆ. ಆಮೇಲೆ ನನ್ನ ಫಾರಂ ತೆಗೆದುಕೊಂಡೆ. ಅದೇ ಕಲಂನಲ್ಲಿ ನನ್ನ ಬಗ್ಗೆ ಬರೆಯಲು ಏನೂ ಇರಲಿಲ್ಲ. ಏನೂ ಬರೆಯದಿದ್ದರೆ ನಾನು ಕೆಳಗಿನ ಗ್ರೇಡಿನ ಲ್ಯಾಬ್ ಸಹಾಯಕಿ. ಎಂ.ಎಸ್ಸಿ. ಮಾಡಿದವಳು! ಭಾನುವಾರದ ಊಟ, ಅಣ್ಣನ ನಗು ಕಣ್ಣ ಮುಂದೆ ಬಂದವು. ರಬ್ಬರ್ ತೆಗೆದುಕೊಂಡು ಮೇಸ್ತ್ರಿಯ ಕಲಂ ಉಜ್ಜಿದೆ. "ಲ್ಯಾಬ್ ಅಧಿಕಾರಿಯ ಸೂಚನೆಯಂತೆ ಸಹಾಯ ಮಾಡುತ್ತಾರೆ" ಎಂದು ಇಂಗ್ಲಿಷಿನಲ್ಲಿ, ಪೆನ್ನಿನಲ್ಲಿ, ಚಂದದ ಅಕ್ಷರದಲ್ಲಿ ಬರೆದೆ. ನಿರ್ಧಾರವೆಲ್ಲ ನನ್ನದೆಂದು ನನ್ನ ಫಾರಂನಲ್ಲಿ ಬರೆದುಕೊಂಡೆ. ಐದು ನಿಮಿಷ ಕೂಡ ಹಿಡಿಯಲಿಲ್ಲ.

ಸಹಿ ಹಾಕಲು ಬಂದ ಮೇಸ್ತ್ರಿ ಕೈ ತೊಳೆದು, ಕರ್ಚೀಫಿನಲ್ಲಿ ಒರೆಸಿಕೊಂಡು, ಫಾರಂ ಹಿಡಿದು ಅಭ್ಯಾಸದಂತೆ ಒಮ್ಮೆ ಹೆಬ್ಬೆರಳು ಆಡಿಸಿದರು. ಒಂದು ಕಡೆ ಬೆರಳು ನಿಂತಿತು... ನನ್ನ ಮುಖ ನೋಡಿದರು. ನಾನು ಪೆನ್ನು ಚಾಚಿದೆ. ಸಹಿ ಹಾಕಿದರು. ಎಲ್ಲರಿಗೂ ಕೊಟ್ಟಂತೆ ಅವರಿಗೂ ಒಂದು ಜೆರಾಕ್ಸ್ ಕೊಟ್ಟೆ. ಮಡಿಚಿ ಜೇಬಿನಲ್ಲಿ ಇಟ್ಟುಕೊಂಡರು. ತಪ್ಪೇನಾದರೂ ಇದ್ದರೆ ತಿದ್ದಲು ಶನಿವಾರದವರೆಗೆ ಸಮಯ ಇತ್ತು. ಅಲ್ಲಿಯವರೆಗೆ ಫಾರಂಗಳು ನನ್ನ ಮೇಜಿನ ಡ್ರಾಯರಿನಲ್ಲೇ ಇದ್ದವು.

ಆ ಶನಿವಾರ ಮೇಸ್ತ್ರಿ ಮೂರು ಸಲ ಲ್ಯಾಬಿಗೆ ಬಂದಿದ್ದರು. ಒಮ್ಮೆ ಗಡಿಯಾರ ಸರಿಯಾಗಿದೆಯೇ ಎಂದು ಕೇಳಿದರು. ಇನ್ನೊಮ್ಮೆ "ಊಟ ಆಯ್ತಾಮ್ಮಾ?" ಎಂದರು. ಶಿಫ್ಟು ಮುಗಿದ ಮೇಲೆ ಬಾಗಿಲಲ್ಲಿ ನಿಂತು, "ಕೆಲ್ಸ ಏನಾದ್ರೂ ಉಳ್ದಿದ್ಯಾಮ್ಮಾ?" ಎಂದರು.

"ಇಲ್ಲ ಮೇಸ್ತ್ರಿ, ಎಲ್ಲಾ ಮುಗೀತು. ನೀವು ಹೊರಡಿ" ಎಂದೆ.

ಗ್ರೇಡುಗಳು ಬಂದವು. ನನ್ನ ಸಂಬಳ ಅಣ್ಣ ಬಾಯಿ ಮುಚ್ಚುವಷ್ಟು ಏರಿತು. ಮೇಸ್ತ್ರಿ ಸಹಾಯಕರ ಪಟ್ಟಿಗೆ ಹೋದರು, ಹೊಸದಾಗಿ ಸೇರಿದವರ ಜೊತೆ. ಯಾಕೆ ಹೀಗಾಯಿತೆಂದು ಅವರು ನನ್ನನ್ನು ಒಂದು ಮಾತು ಕೇಳಲಿಲ್ಲ. ಕಂಪನಿಯವರು ಮಾಡಿದ್ದೆಂದು ತಿಳಿದಿದ್ದಾರೆ, ಇಂಗ್ಲಿಷ್ ಬಾರದು, ಓದಿರಲಾರರು ಎಂದುಕೊಂಡೆ. ಅವರಿಗೆ ಗೊತ್ತಿಲ್ಲ ಎನ್ನುವುದೊಂದೇ ನನಗೆ ಆಸರೆಯಾಗಿತ್ತು. ಬಹಳ ವರ್ಷ ಅದನ್ನೇ ಹಿಡಿದುಕೊಂಡು ಬದುಕಿದೆ.

ಒಂದು ಮಾತ್ರ ಬದಲಾಯಿತು. ಅವರು ತಾವಾಗಿ "ಇನ್ನೈದು ನಿಮಿಷ" ಎನ್ನುವುದನ್ನು ನಿಲ್ಲಿಸಿದರು. ಲೋಟವನ್ನು ಬೆಳಕಿಗೆ ಹಿಡಿದು ನನ್ನ ಕಡೆ ನೋಡುತ್ತಿದ್ದರು. ಕಾಗದದ ಪ್ರಕಾರ ನಿರ್ಧಾರ ನನ್ನದಲ್ಲವೇ? ಮೊದಲ ದಿನ ಕಣ್ಣು ಕಿರಿದು ಮಾಡಿ ನೋಡಿ, "ಸರಿ ಇದೆ, ಬಿಡಿ" ಎಂದೆ. ಮೇಸ್ತ್ರಿ ಲೋಟ ಇಳಿಸಲಿಲ್ಲ. ಹಾಗೇ ಹಿಡಿದು ನಿಂತರು. "ಇನ್ನೂ... ಸ್ವಲ್ಪ ಅರೀಬೇಕಾ?" ಎಂದೆ. ಆಗ ಲೋಟ ಇಳಿಸಿ, "ಸರಿಮ್ಮಾ" ಎಂದು ಹೋದರು.

ಮುಂದಿನ ಎರಡು ವರ್ಷ ಹೀಗೇ ನಡೆಯಿತು. ನಾನು ತಪ್ಪು ಹೇಳಿದರೆ ಲೋಟ ಮೇಲೆಯೇ ಇರುತ್ತಿತ್ತು, ಸರಿ ಹೇಳಿದರೆ ಇಳಿಯುತ್ತಿತ್ತು. ಒಂದೇ ಒಂದು ದಿನ ಅವರು ನನ್ನನ್ನು ಬೀಳಲು ಬಿಟ್ಟಿದ್ದರೂ ಸಾಕಿತ್ತು, ಮೆಷಿನ್ನಿನ ಮೇಲೆ ಕಾಗದ ಹರಿದು ನನ್ನ ಬಣ್ಣ ಬಯಲಾಗುತ್ತಿತ್ತು. ಬಿಡಲಿಲ್ಲ. ನಾಲ್ಕು ಜನರ ಎದುರಿಗೆ ತಿದ್ದಲೂ ಇಲ್ಲ. ನಾನು ಬೇರೆ ಕೆಲಸ ಸಿಕ್ಕಿತೆಂದು ಹೊರಟ ದಿನ ಮೇಸ್ತ್ರಿ ಗೇಟಿನವರೆಗೆ ಬಂದು, "ಒಳ್ಳೇದಾಗ್ಲಿಮ್ಮಾ" ಎಂದರು. ಆ ಕೆಲಸ ಸಿಕ್ಕಿದ್ದು ನಿರ್ಧಾರ ನನ್ನದೆಂದು ಬರೆದುಕೊಂಡಿದ್ದ ಆ ಒಂದು ಸಾಲಿನಿಂದಲೇ.

ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಮತ್ತೊಂದು ಕಡೆಗೆ ಹೋಗಿ, ಈಗ ನನಗೆ ಸಂಬಳ ಕೊಡುತ್ತಿರುವುದು ಬೇರೆಯವರ ಸಂಬಳಗಳನ್ನು ಬರೆಯುವುದಕ್ಕೆ. ದೊಮ್ಮಲೂರಿನ ನಮ್ಮ ಆಫೀಸು ಪೇಪರ್ ಉದ್ಯಮದಲ್ಲಿ ಯಾರಿಗೆ ಎಷ್ಟು ಸಿಗುತ್ತಿದೆ ಎಂದು ಪ್ರತಿ ವರ್ಷ ವರದಿ ತರುತ್ತದೆ. ಮಿಲ್ ಮ್ಯಾನೇಜರು, ಎಂಜಿನಿಯರು, ಕೆಮಿಸ್ಟು ಎಲ್ಲರಿಗೂ ಒಂದೊಂದು ಗೆರೆ, ಬಹುಪಾಲು ಗೆರೆಗಳು ಮೇಲಕ್ಕೆ ಹೋಗುತ್ತವೆ. ಕೈಯಿಂದ ಕಲಿತವರೆಲ್ಲ ಕೊನೆಯಲ್ಲಿ "ಇತರೆ" ಎಂಬ ಸಾಲಿನಲ್ಲಿ ಇದ್ದಾರೆ. ಆ ಸಾಲು ಅಷ್ಟೇನೂ ಅಲ್ಲಾಡುವುದಿಲ್ಲ. ಇದಕ್ಕೆ ಪದವಿಯ ಬೇಡಿಕೆ, ಹೊಸ ತಂತ್ರಜ್ಞಾನ ಎಂದೆಲ್ಲ ಕಾರಣ ಬರೆಯುತ್ತೇನೆ. ನನಗೆ ಗೊತ್ತಿರುವ ಒಂದು ಕಾರಣವನ್ನು ಮಾತ್ರ ಬರೆದಿಲ್ಲ.

ಪೆಟ್ಟಿಗೆ ನೆನೆದ ಆ ವಾರದ ಭಾನುವಾರ ಮರ್ಫಿ ಟೌನಿಗೆ ಹೋದೆ. ಮಿಲ್ಲು ಮುಚ್ಚಿ ಅಲ್ಲಿ ಅಪಾರ್ಟ್‌ಮೆಂಟು ಎದ್ದು ಬಹಳ ಕಾಲವಾಗಿದೆ. ಆದರೆ ಮೇಸ್ತ್ರಿಯ ಮನೆ ಅದೇ ಗಲ್ಲಿಯಲ್ಲಿ, ಅದೇ ಹಸಿರು ಬಾಗಿಲು. ತೆಗೆದವಳು ಮಗಳು. ಗೋಡೆಯ ಮೇಲೆ ಮೇಸ್ತ್ರಿಯ ಫೋಟೋ, ಅದಕ್ಕೆ ಒಣಗಿದ ಹಾರ. ಮೂರು ವರ್ಷವಾಯಿತಂತೆ. ನಾನು ಯಾರೆಂದು ಹೇಳಿದೆ. ಅವಳು "ಕೂತ್ಕೊಳ್ಳಿ ಮೇಡಂ" ಎಂದು ನೀರು ತಂದುಕೊಟ್ಟಳು. ಹಲಸೂರಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೌಂಟರಿನಲ್ಲಿ ನಿಲ್ಲುತ್ತಾಳಂತೆ. ಫಾರ್ಮಸಿ ಓದಲಾಗಲಿಲ್ಲ. ಮಾಲೀಕರು ಹೇಳಿದ ಮಾತ್ರೆ ತೆಗೆದುಕೊಡುವ ಕೆಲಸ.

ನಾನು ಫಾರಂ ವಿಷಯ ಎತ್ತಿದೆ. ಒಂದು ತಪ್ಪಾಗಿತ್ತು ಎಂದು ತೊದಲಿದೆ.

"ಗೊತ್ತು ಮೇಡಂ. ಅವತ್ ಸಂಜೇನೇ ಅಪ್ಪಂಗೆ ನಾನೇ ಓದಿ ಹೇಳ್ದೆ, ಜೆರಾಕ್ಸ್ ನೋಡಿ."

ನಾನು ನೀರಿನ ಲೋಟ ಕೆಳಗಿಟ್ಟೆ.

"ನಾನು ಜಗಳ ಆಡಿ ಅಂದೆ. ಅಪ್ಪ ಬೇಡ ಅಂದ್ರು. ಆ ಜಾಗ್ದಲ್ಲಿ ಕಾಗ್ದ ಉಜ್ಜಿದಾರೆ, ಸಹಿ ಹಾಕ್ವಾಗ ನಾರು ಕೈಗೆ ಸಿಕ್ತು, ಮೊದ್ಲು ಸರಿಯಾಗೇ ಬರ್ದಿದಾರೆ, ಒಳ್ಳೇ ಹುಡ್ಗಿ, ಶನಿವಾರದೊಳ್ಗೆ ತಾನೇ ಸರಿ ಮಾಡ್ತಾಳೆ ಅಂದ್ರು. ಶನಿವಾರ ಬಂದು ಏನೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಗಡಿಯಾರ... ಊಟ... ಕೆಲಸ ಏನಾದರೂ ಉಳಿದಿದೆಯಾ... ಮೂರು ಸಲ ಬಾಗಿಲಿಗೆ ಬಂದು ಆ ಮನುಷ್ಯ ನನಗೆ ಅವಕಾಶ ಕೊಟ್ಟಿದ್ದರು. ಡ್ರಾಯರು ನನ್ನ ಮೊಣಕಾಲಿಗೆ ತಾಕುತ್ತಿತ್ತು. ಎಲ್ಲವನ್ನೂ ತಿಳಿದುಕೊಂಡೇ ಎರಡು ವರ್ಷ ಆ ಲೋಟ ಹಿಡಿದು ನನ್ನನ್ನು ಕಾಪಾಡಿದರು. ನಾಚಿಕೆ ಎಂಬ ಪದ ನನಗೆ ಗೊತ್ತಿತ್ತು. ಅದು ಹೀಗೆ ಮೈ ಸುಡುತ್ತದೆಂದು ಆವತ್ತು ಗೊತ್ತಾಯಿತು. ಮಗಳ ಮುಂದೆ ಅಳಲೂ ಮುಖ ಇರಲಿಲ್ಲ. ಕ್ಷಮಿಸು ಎಂದೆ. ಅವಳು ಗಡಿಯಾರ ನೋಡಿದಳು. "ಡ್ಯೂಟಿಗೆ ಹೊತ್ತಾಯ್ತು ಮೇಡಂ" ಎಂದಳು. ಅದು ಸರಿಯಾಗಿಯೇ ಇತ್ತು.

ಆ ಪೆಟ್ಟಿಗೆಯ ಒಂದು ತುಂಡನ್ನು ಒಣಗಿಸಿ ಇಟ್ಟುಕೊಂಡಿದ್ದೇನೆ. ಹೆಬ್ಬೆರಳಿನಿಂದ ಸವರಿದರೆ ನಾರು ಸಿಗುತ್ತದೆ, ಅವರು ಕಲಿಸಿದ ಅರ್ಧ ವಿದ್ಯೆ ಇನ್ನೂ ಬೆರಳಿನಲ್ಲಿದೆ. ಈ ವರ್ಷದ ವರದಿ ನನ್ನ ಮೇಜಿನ ಮೇಲಿದೆ, ಮಿಲ್ಲುಗಳಿಂದ ಬಂದ ಫಾರಂಗಳೂ ಇವೆ, ಅವುಗಳಲ್ಲಿ ಅದೇ ಕಲಂ ಇದೆ. ಎಷ್ಟು ಕಡೆ ಯಾರು ಏನನ್ನು ಉಜ್ಜಿದ್ದಾರೋ, ಕಂಪ್ಯೂಟರಿನಲ್ಲಿ ತುಂಬಿದ ಫಾರಂ ಸವರಿದರೆ ಏನೂ ತಿಳಿಯುವುದಿಲ್ಲ.

ಅವತ್ತು ನಾನು ಪೆನ್ಸಿಲಿನಲ್ಲಿ ಬರೆದು ಉಜ್ಜಿದ್ದು ಇಷ್ಟು: "ಪಲ್ಪ್ ಎಷ್ಟು ಅರೆಯಬೇಕೆಂದು ನಿರ್ಧರಿಸುವವರು ಇವರೇ. ನಾನು ಇವರಿಂದ ಕಲಿಯುತ್ತಿದ್ದೇನೆ." ಅದನ್ನು ಈಗ ಇಲ್ಲಿ ಪೆನ್ನಿನಲ್ಲಿ ಬರೆದಿದ್ದೇನೆ, ಮೇಸ್ತ್ರಿ. ಮಗಳ ಕೈಯಲ್ಲಿ ಓದಿಸಿಕೊಳ್ಳಲು ನೀವಿಲ್ಲ.